ಟಿಕೆಟ್‌ನಲ್ಲಿ ಎರಡೂವರೆ ಗಂಟೆ, ಹಾರಾಟ ಹದಿನಾರು ಗಂಟೆ! ವಿಮಾನದ ಟೈಮ್ ಲೆಕ್ಕ ಹಾಕೋದು ಹೇಗೆ?

ಕೊಳ್ಳೇಗಾಲ: ಅಮೆರಿಕದಿಂದ ಮಗ ಬರ್ತಾನೆ ಅಂತ ನಮ್ಮ ಬೀದಿಯ ಅಂಗಡಿಯವರೊಬ್ಬರು ಕಾರು ಹೇಳಿದ್ದರು. ಟಿಕೆಟ್‌ನಲ್ಲಿ ಇದ್ದದ್ದು 15ನೇ ತಾರೀಖು, 02.10. ಇವರು 15ರ ರಾತ್ರಿ ಅಂದುಕೊಂಡರು. 15ರ ಬೆಳಗಿನ ಜಾವವೇ ಮಗನ ಫೋನ್ ಬಂತು, "ಅಪ್ಪ, ಎಲ್ಲಿದ್ದೀರಾ?" ಅಂತ. ಹೊರಡಬೇಕಾಗಿದ್ದು 14ರ ಸಂಜೆ.

ನಮ್ಮ ಕಡೆ ಅನೇಕರು ಎಡವೋದು ಇಲ್ಲೇ. ವಿಮಾನದ ತಾರೀಖು ರಾತ್ರಿ 12ಕ್ಕೆ ಬದಲಾಗುತ್ತೆ, ಬೆಳಗಾದ ಮೇಲಲ್ಲ.

ಎರಡನೇ ಗೊಂದಲ ಗಡಿಯಾರದ್ದು. ಹೊರಡುವ ಟೈಮ್ ಹೊರಡುವ ಊರಿನದು, ಇಳಿಯುವ ಟೈಮ್ ಇಳಿಯುವ ಊರಿನದು. ಬೆಂಗಳೂರಿನಿಂದ ಮಧ್ಯಾಹ್ನ 2.30ಕ್ಕೆ ಹೊರಟು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅದೇ ದಿನ ಸಂಜೆ 5ಕ್ಕೆ ಇಳಿಯುತ್ತೆ ಅಂತ ಟಿಕೆಟ್ ಹೇಳಿದರೆ ಎರಡೂವರೆ ಗಂಟೆ ಅಂದುಕೊಳ್ಳಬೇಡಿ. ಚಳಿಗಾಲದಲ್ಲಿ ಆ ಊರು ನಮಗಿಂತ 13.30 ಗಂಟೆ ಹಿಂದೆ. ಅದನ್ನು ಕೂಡಿಸಿದರೆ 16 ಗಂಟೆ.

ಬರುವಾಗ ಉಲ್ಟಾ, ಕಳೆಯಬೇಕು. 2021ರ ಜನವರಿ 9ರ ರಾತ್ರಿ 8.30ಕ್ಕೆ ಸ್ಯಾನ್ ಫ್ರಾನ್ಸಿಸ್ಕೋದಿಂದ ಏರ್ ಇಂಡಿಯಾದ ಮೊದಲ ನೇರ ವಿಮಾನ ಬೆಂಗಳೂರಿಗೆ ಹೊರಟಿತು. ಕ್ಯಾಪ್ಟನ್ ಜೋಯಾ ಅಗರ್‌ವಾಲ್ ನೇತೃತ್ವದಲ್ಲಿ ಪೈಲಟ್‌ಗಳೆಲ್ಲ ಮಹಿಳೆಯರೇ. ಇಲ್ಲಿ ಇಳಿಯಬೇಕಿದ್ದ ಟೈಮ್ 11ರ ಬೆಳಗಿನ ಜಾವ 3.45. ತಾರೀಖು ನೋಡಿದರೆ 31 ಗಂಟೆಗೂ ಹೆಚ್ಚು. 13.30 ಕಳೆದರೆ ನಿಜವಾದ ಪ್ರಯಾಣ 17 ಗಂಟೆ 45 ನಿಮಿಷ.

ಎರಡೂ ಏರ್‌ಪೋರ್ಟ್‌ಗಳ ನೇರ ದೂರ ಸುಮಾರು 14,000 ಕಿ.ಮೀ. ಆ ವಿಮಾನ ಉತ್ತರ ಧ್ರುವದ ಮೇಲೆ ಬಂತು. ಭೂಪಟ ನೋಡಿದರೆ ಸುತ್ತುದಾರಿ ಅನ್ನಿಸುತ್ತೆ. ಮಕ್ಕಳ ಗ್ಲೋಬ್ ಮೇಲೆ ಎರಡು ಊರಿಗೂ ದಾರ ಬಿಗಿಯಾಗಿ ಹಿಡಿದು ನೋಡಿ, ದಾರ ಧ್ರುವದ ಹತ್ತಿರವೇ ಹಾಯುತ್ತೆ. ಭೂಮಿ ಉಂಡೆ ಆಗಿರೋದರಿಂದ ಅದೇ ಹತ್ತಿರದ ದಾರಿ.

ದುಬೈ ಲೆಕ್ಕ ಸುಲಭ. ಸುಮಾರು 2,700 ಕಿ.ಮೀ., ಹಾರಾಟ ನಾಲ್ಕು ಗಂಟೆ, ಗಡಿಯಾರ ನಮಗಿಂತ ಒಂದೂವರೆ ಗಂಟೆ ಹಿಂದೆ. ಅಮೆರಿಕದಲ್ಲಿ ಮಾತ್ರ ಮಾರ್ಚ್‌ನಿಂದ ನವೆಂಬರ್‌ವರೆಗೆ ಗಡಿಯಾರ ಒಂದು ಗಂಟೆ ಮುಂದಿಡ್ತಾರೆ. ಆಗ ಸ್ಯಾನ್ ಫ್ರಾನ್ಸಿಸ್ಕೋ ವ್ಯತ್ಯಾಸ 12.30 ಗಂಟೆ.

ಇನ್ನು ನಮ್ಮ ರಸ್ತೆಯ ಲೆಕ್ಕ. ಕೊಳ್ಳೇಗಾಲದಿಂದ ಮಳವಳ್ಳಿ, ಕನಕಪುರ ಮೇಲೆ ಬೆಂಗಳೂರಿಗೆ ಸುಮಾರು 140 ಕಿ.ಮೀ. ಏರ್‌ಪೋರ್ಟ್ ಇರೋದು ಆ ಕಡೆ ದೇವನಹಳ್ಳಿಯಲ್ಲಿ, ಇಡೀ ಊರು ದಾಟಿ ಇನ್ನೂ 35-40 ಕಿ.ಮೀ. ಟ್ರಾಫಿಕ್ ಸೇರಿ ಐದು ಗಂಟೆ ಇಟ್ಟುಕೊಳ್ಳಿ. ಯಳಂದೂರಿನವರು ಅದಕ್ಕೆ ಅರ್ಧ ಗಂಟೆ, ಹನೂರಿನವರು ಮುಕ್ಕಾಲು ಗಂಟೆ ಸೇರಿಸಿ. ವಿದೇಶಿ ವಿಮಾನಕ್ಕೆ ಮೂರು ಗಂಟೆ ಮೊದಲೇ ಅಲ್ಲಿರಬೇಕು.

ಅಂದರೆ, 15ರ ಬೆಳಗಿನ ಜಾವ 2.30ರ ವಿಮಾನಕ್ಕೆ 14ರ ರಾತ್ರಿ 11.30ಕ್ಕೆ ಏರ್‌ಪೋರ್ಟ್‌ನಲ್ಲಿ ಇರಬೇಕು. ಕೊಳ್ಳೇಗಾಲ ಬಿಡಬೇಕಾದ್ದು 14ರ ಸಂಜೆ 6.30ಕ್ಕೆ, ಹನೂರು ಬಿಡಬೇಕಾದ್ದು 5.45ಕ್ಕೆ. ದುಬೈಗೆ ಹಾರೋದಕ್ಕಿಂತ ಇದೇ ಎರಡರಷ್ಟು ಹೊತ್ತು!

ಟಿಕೆಟ್ ಕೈಗೆ ಬಂದ ದಿನವೇ ಮನೆಯ ಕ್ಯಾಲೆಂಡರ್‌ನಲ್ಲಿ ವಿಮಾನದ ತಾರೀಖಿಗಲ್ಲ, ಊರು ಬಿಡುವ ತಾರೀಖಿಗೆ ಗುರುತು ಹಾಕಿ. ಕಾರಿನ ಡ್ರೈವರ್‌ಗೂ "14ರ ಸಂಜೆ" ಅಂತಲೇ ಹೇಳಿ.