ಮೊಮ್ಮಗನ ಕಾರಿಗೆ ತೂತಿಲ್ಲದ ತಟ್ಟೆ

ಹೋದ ಬೇಸಿಗೆಯಲ್ಲಿ ನಾನೂ ನನ್ನ ಹೆಂಡತಿಯೂ ಕ್ಯಾಲಿಫೋರ್ನಿಯಾದಲ್ಲಿರುವ ಮಗಳ ಮನೆಗೆ ಹೋಗಿದ್ದೆವು. ಕಾಲೇಜು ಓದುವ ಮೊಮ್ಮಗ ಅಲ್ಲೊಂದು ಹಳೆಯ ಸ್ಪೋರ್ಟ್ಸ್ ಕಾರು ಕೊಂಡಿದ್ದ. 1992ರ ಮಾಜ್ದಾ ಮಿಯಾಟಾ. ಎರಡೇ ಸೀಟು, ತಲೆಯ ಮೇಲೆ ಮಡಚುವ ಬಟ್ಟೆಯ ಚಾವಣಿ, ಗುಂಡಿ ಒತ್ತಿದರೆ ಕಪ್ಪೆಯ ಕಣ್ಣಿನಂತೆ ಮೇಲೇಳುವ ದೀಪ. ವಯಸ್ಸಿನಲ್ಲಿ ಅವನಿಗಿಂತ ಕಾರೇ ಹಿರಿಯದು.

"ಬಾ ಅಜ್ಜ, ಒಂದು ಸುತ್ತು ಹೋಗಿ ಬರೋಣ" ಎಂದ. ಹೋದೆ. ಅವನು ಬ್ರೇಕ್ ಒತ್ತಿದಾಗಲೆಲ್ಲ ಸ್ಟೀರಿಂಗ್ ಗಡಗಡ ನಡುಗುತ್ತಿತ್ತು. ಅವನಿಗೆ ಅದು ಅಭ್ಯಾಸವಾಗಿಬಿಟ್ಟಿತ್ತು. ನನಗಾಗಲಿಲ್ಲ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವನು ನಾನು. ಘಟ್ಟ ಇಳಿಯುವ ಬಸ್ಸುಗಳ ಬ್ರೇಕೇ ನನ್ನ ಪಾಲಿನ ಕೆಲಸ. ಮನೆಗೆ ಬಂದವನೇ ಚಕ್ರ ಬಿಚ್ಚಿಸಿದೆ.

ಮಕ್ಕಳೇ, ಅಪ್ಪನ ಬೈಕಿನ ಮುಂದಿನ ಚಕ್ರ ನೋಡಿದ್ದೀರಲ್ಲ? ಚಕ್ರದ ಜೊತೆಗೆ ತಿರುಗುವ ಹೊಳೆಯುವ ತಟ್ಟೆಯೇ ಬ್ರೇಕ್ ಡಿಸ್ಕ್. ಅಮೆರಿಕದವರು ಅದನ್ನು ರೋಟರ್ ಎನ್ನುತ್ತಾರೆ. ಬ್ರೇಕ್ ಒತ್ತಿದರೆ ಎರಡು ಪ್ಯಾಡುಗಳು ತಟ್ಟೆಯನ್ನು ಇಕ್ಕಳದ ಹಾಗೆ ಹಿಡಿಯುತ್ತವೆ. ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರ್ 1902ರಲ್ಲೇ ಇದಕ್ಕೆ ಪೇಟೆಂಟ್ ಪಡೆದಿದ್ದ. ಆದರೆ ಇದಕ್ಕೆ ಹೆಸರು ಬಂದದ್ದು 1953ರಲ್ಲಿ, ಡಿಸ್ಕ್ ಬ್ರೇಕಿನ ಜಾಗ್ವಾರ್ ಕಾರು ಫ್ರಾನ್ಸಿನ ಲೆ ಮಾನ್ ರೇಸ್ ಗೆದ್ದಾಗ.

ನಮ್ಮ ಮಿಯಾಟಾದ ಮುಂದಿನ ತಟ್ಟೆಗಳು 235 ಮಿ.ಮೀ. ಅಗಲದವು, ಊಟದ ತಟ್ಟೆಗಿಂತ ಚಿಕ್ಕವು. ನೋಡಿದರೆ ಮೈಯೆಲ್ಲ ಗೀರು. ಹೀಗೆ ನಡುಗಿದರೆ ತಟ್ಟೆ ಡೊಂಕಾಗಿದೆ ಎನ್ನುವುದು ವಾಡಿಕೆ. ಹೆಚ್ಚಿನ ಸಲ ಡೊಂಕೇನೂ ಇರುವುದಿಲ್ಲ. ಪ್ಯಾಡಿನ ಮಸಿ ಅಲ್ಲಲ್ಲಿ ಅಂಟಿ ದಪ್ಪ ಏರುಪೇರಾಗಿರುತ್ತದೆ. "ಲೇತಿಗೆ ಕೊಟ್ಟು ಒಂದು ಪದರ ಕಡೆಸಿದರಾಯ್ತು" ಎಂದೆ. ಮೊಮ್ಮಗ ಮೈಕ್ರೋಮೀಟರ್ ತಂದು ಅಳೆದ. ಇದಕ್ಕಿಂತ ತೆಳುವಾದರೆ ಬಳಸಬಾರದು ಎಂಬ ಅಂಕಿಯನ್ನು ತಟ್ಟೆಯ ಮೇಲೇ ಅಚ್ಚು ಹಾಕಿರುತ್ತಾರೆ. ಇದು ಅದಕ್ಕಿಂತ ಅರ್ಧ ಮಿ.ಮೀ. ಕಡಿಮೆಯಿತ್ತು. ಹುಡುಗ ನನಗೇ ಪಾಠ ಹೇಳಿದ; ಒಪ್ಪಿಕೊಂಡೆ.

ಹೊಸದು ತರಿಸಬೇಕು. ಕಾರು ಮಾಡಿದ ಕಂಪನಿಯ ಮಾಲೇ ಆಗಬೇಕೆಂದಿಲ್ಲ, ಬೇರೆಯವರು ಮಾಡಿದ್ದೂ ಧಾರಾಳವಾಗಿ ಸಿಗುತ್ತದೆ. ಅಂದು ರಾತ್ರಿ ಅವನು ಲ್ಯಾಪ್‌ಟಾಪ್ ತಿರುಗಿಸಿ ತೋರಿಸಿದ. ಚಿನ್ನದ ಬಣ್ಣದ ತಟ್ಟೆ, ಮೈತುಂಬ ತೂತು, ನಡುನಡುವೆ ಓರೆಯಾದ ಗೀಟು. ನೋಡಲು ಒಡವೆಯ ಹಾಗಿತ್ತು. ನಾಲ್ಕು ಚಕ್ರಕ್ಕೂ ಸೇರಿ ಅಗ್ಗದ ಬೆಲೆ, ಜೊತೆಗೆ ಪ್ಯಾಡು ಉಚಿತ.

ಆ 'ಉಚಿತ' ಎಂಬ ಮಾತು ಕೇಳಿ ನನಗೆ ನಿದ್ದೆ ಬರಲಿಲ್ಲ. ಮಗಳಿಗೂ ಹೇಳದ ಒಂದು ಸಂಗತಿಯನ್ನು ಬೆಳಿಗ್ಗೆ ಮೊಮ್ಮಗನಿಗೆ ಹೇಳಿದೆ. ನಾನಿನ್ನೂ ಹೊಸಬನಾಗಿದ್ದಾಗ ಒಂದು ದಿನ ಒಳ್ಳೆಯ ಬ್ರೇಕ್ ಲೈನಿಂಗ್ ಇರಲಿಲ್ಲ. ಕೈಗೆ ಸಿಕ್ಕ ಅಗ್ಗದ್ದನ್ನೇ ಹಾಕಿ ಬಸ್ ಕಳಿಸಿದೆ. ಘಾಟಿ ಅರ್ಧ ಇಳಿಯುವಷ್ಟರಲ್ಲಿ ಡ್ರಮ್ ಕಾದು ಬ್ರೇಕ್ ಹಿಡಿಯದಾಯಿತು. ಡ್ರೈವರ್ ಗೇರು ಇಳಿಸಿ, ಬಸ್ಸನ್ನು ಗುಡ್ಡದ ಬರೆಗೆ ಒರಗಿಸಿ ನಿಲ್ಲಿಸಿದ. ಯಾರಿಗೂ ಪೆಟ್ಟಾಗಲಿಲ್ಲ. ಅವನು ನನ್ನನ್ನು ಬೈಯಲೂ ಇಲ್ಲ. ಸುಟ್ಟ ಲೈನಿಂಗಿನ ಒಂದು ಚೂರನ್ನು ತಂದು ನನ್ನೆದುರು ಇಟ್ಟು ಹೋದ, ಅಷ್ಟೇ.

ಮೊಮ್ಮಗ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಪೋರ್ಷೆ ಕಾರಿಗೂ ತೂತಿನ ಡಿಸ್ಕೇ ಇರುತ್ತಲ್ಲ ಅಜ್ಜ?" ಎಂದ.

ಒಳ್ಳೆಯ ಪ್ರಶ್ನೆ. ಇಬ್ಬರೂ ಕೂತು ಓದಿದೆವು. ಹಿಂದಿನ ಕಾಲದ ಪ್ಯಾಡುಗಳು ತುಂಬ ಕಾದಾಗ ಅನಿಲ ಬಿಡುತ್ತಿದ್ದವು. ಅದು ನಡುವೆ ಸಿಕ್ಕಿಕೊಂಡರೆ ಹಿಡಿತ ಸಡಿಲ. ಅನಿಲ ಹೊರಹೋಗಲಿ ಎಂದು ತೂತು ಕೊರೆದರು. ಈಗಿನ ಪ್ಯಾಡುಗಳಲ್ಲಿ ಆ ತೊಂದರೆ ಬಹಳ ಕಡಿಮೆ. ಪೋರ್ಷೆಯ ತಟ್ಟೆಗಳೋ ದೊಡ್ಡವು, ಮೊದಲಿನಿಂದಲೇ ತೂತಿನ ಲೆಕ್ಕ ಇಟ್ಟು ಮಾಡಿದವು. ರೇಸಿನಲ್ಲಿ ಓಡಿಸಿದರೆ ಅವುಗಳಲ್ಲೂ ತೂತಿನ ಅಂಚಿನಿಂದ ಕೂದಲೆಳೆಯಂಥ ಬಿರುಕು ಹೊರಡುವುದುಂಟು. ಹಾಗಿದ್ದ ಮೇಲೆ ಸಾದಾ ತಟ್ಟೆಗೆ ಆಮೇಲೆ ಕೊರೆದ ತೂತು ಎಷ್ಟು ದಿನ ಬಾಳೀತು? ಕಾರಿನ ತಟ್ಟೆ ಬೀಡು ಕಬ್ಬಿಣದ್ದು. ಕಾದು ಆರಿ, ಕಾದು ಆರಿ, ಬಿರುಕು ಬಿಡಲು ಅದಕ್ಕೊಂದು ನೆಪ ಸಾಕು.

ತೂತಿದ್ದರೆ ಗಾಳಿಯಾಡಿ ತಣ್ಣಗಾಗುತ್ತದೆ ಎಂದು ನನಗೂ ಅನ್ನಿಸಿತ್ತು. ಆದರೆ ಗಾಳಿ ಮುಖ್ಯವಾಗಿ ಹರಿಯುವುದು ತಟ್ಟೆಯ ಹೊಟ್ಟೆಯೊಳಗೆ. ಮುಂದಿನ ಡಿಸ್ಕ್ ಎಂದರೆ ಎರಡು ತಟ್ಟೆ, ನಡುವೆ ಸಣ್ಣ ಸಣ್ಣ ಗೋಡೆ. ತಿರುಗುವಾಗ ಅದು ನಡುವಿನಿಂದ ಗಾಳಿ ಎಳೆದು ಅಂಚಿನಿಂದ ಹೊರಗೆ ಎಸೆಯುತ್ತದೆ. ತೂತು ಕೊರೆದರೆ ಶಾಖ ಹಿಡಿದಿಡುವ ಕಬ್ಬಿಣವೇ ಕಡಿಮೆಯಾಯಿತಲ್ಲ! ಗೀಟು ಹಾಕಿದ ತಟ್ಟೆ ಅಷ್ಟು ಕೆಟ್ಟದ್ದಲ್ಲ. ಪ್ಯಾಡಿನ ಮುಖವನ್ನು ಕೆರೆದು ಚೊಕ್ಕಟವಾಗಿಡುತ್ತದೆ. ಸ್ವಲ್ಪ ಸದ್ದು, ಪ್ಯಾಡೂ ಬೇಗ ಸವೆಯುತ್ತದೆ. ಕಾಲೇಜಿಗೂ ದಿನಸಿಗೂ ಹೋಗುವ ಕಾರಿಗೆ ಅದು ಬೇಕೇ?

ಶಾಖದ ಲೆಕ್ಕ ಹಾಕಿದ್ದು ಮೊಮ್ಮಗನೇ. ಸಾವಿರ ಕಿಲೋ ತೂಕದ ಕಾರನ್ನು ಗಂಟೆಗೆ 100 ಕಿ.ಮೀ. ವೇಗದಿಂದ ನಿಲ್ಲಿಸಿದರೆ ಹುಟ್ಟುವ ಶಾಖ ಸುಮಾರು 3.86 ಲಕ್ಷ ಜೌಲ್. ಅಜ್ಜಿಯ ಕಾಫಿಗೆ ಒಂದು ಲೀಟರಿಗಿಂತ ಹೆಚ್ಚೇ ನೀರು ಕುದಿ ಬರುತ್ತದೆ! ವೇಗ ಎರಡರಷ್ಟಾದರೆ ಶಾಖ ನಾಲ್ಕರಷ್ಟು. ಅವನಿಗೆ ಇಷ್ಟವಾದ ದಾರಿಯೆಂದರೆ ಸ್ಕೈಲೈನ್ ಬೆಟ್ಟದಿಂದ ಸಾರಟೋಗಾ ಊರಿಗೆ ತಿರುವು ತಿರುವಾಗಿ ಇಳಿಯುವ ಹೈವೇ 9. ಅಲ್ಲಿ 600 ಮೀಟರ್ ಕೆಳಗಿಳಿದರೆ, 100 ಕಿ.ಮೀ. ವೇಗದಿಂದ ಹದಿನೈದು ಸಲ ನಿಲ್ಲಿಸಿದಷ್ಟು ಶಕ್ತಿ ಎಲ್ಲಿಗಾದರೂ ಹೋಗಲೇಬೇಕು. ಒಂದಿಷ್ಟು ಗಾಳಿಗೆ, ಒಂದಿಷ್ಟು ಎಂಜಿನ್ನಿಗೆ, ಉಳಿದದ್ದು ಬ್ರೇಕಿಗೆ. ಲೆಕ್ಕ ಮುಗಿಸಿ ಅವನೇ ಚಿನ್ನದ ತಟ್ಟೆಯ ಪುಟ ಮುಚ್ಚಿದ.

ಕೊನೆಗೆ ಕೊಂಡದ್ದು ಹೆಸರುಳ್ಳ ತಯಾರಕರ ಸಾದಾ ತಟ್ಟೆ, ತುಕ್ಕು ಹಿಡಿಯದಂತೆ ಲೇಪ ಇರುವಂಥದ್ದು. ಮೊದಲಿನಷ್ಟೇ ಅಗಲ. ದೊಡ್ಡದು ಹಾಕಿದರೆ ಬೇಗ ನಿಲ್ಲುತ್ತದೆ ಎಂಬುದೊಂದು ಭ್ರಮೆ. ಈಗಿನ ಬ್ರೇಕಿಗೇ ಚಕ್ರ ಕಚ್ಚಿಕೊಳ್ಳುವುದಾದರೆ ಕಾರು ನಿಲ್ಲಿಸಬೇಕಾದದ್ದು ಟೈರು. ಉಳಿದ ದುಡ್ಡು ಒಳ್ಳೆಯ ಪ್ಯಾಡಿಗೆ ಮತ್ತು ಹೊಸ ಬ್ರೇಕ್ ಆಯಿಲಿಗೆ ಹೋಯಿತು. ಈ ಆಯಿಲ್ ಗಾಳಿಯ ತೇವ ಹೀರುತ್ತದೆ. ಡಾಟ್ 4 ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿಯವರೆಗೆ ಕುದಿಯಬಾರದು. ತೇವ ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಇಳಿಜಾರಿನಲ್ಲಿ ಅದು ಕುದಿದರೆ ಪೆಡಲ್ ಸೀದಾ ನೆಲಕ್ಕೆ.

ಜಾಕಿನ ಜೊತೆಗೆ ಸ್ಟ್ಯಾಂಡ್ ಕೊಟ್ಟು ಕೆಲಸಕ್ಕಿಳಿದೆವು. ತಟ್ಟೆ ಕೂರುವ ಜಾಗದ ತುಕ್ಕನ್ನು ತಂತಿ ಬ್ರಷ್‌ನಿಂದ ಉಜ್ಜಿದೆ. ಇದನ್ನು ಬಿಟ್ಟರೆ ಹೊಸ ತಟ್ಟೆಯೂ ನಡುಗುತ್ತದೆ. ಏರ್ ತೆಗೆಯುವಾಗ ಪೆಡಲ್ ಒತ್ತಲು ಅಜ್ಜಿಯನ್ನೇ ಕೂರಿಸಿದೆವು. "ಒತ್ತು", "ಬಿಡು" ಎಂದು ನಾವು ಕೂಗುವುದು, ಅವಳು ಒತ್ತುವುದು. "ಹೊಲಿಗೆ ಮಿಷನ್ನಿಗಿಂತ ಸುಲಭ" ಎಂದಳು.

ಮರುದಿನ ನಸುಕಿನಲ್ಲಿ ಖಾಲಿ ರಸ್ತೆಯಲ್ಲಿ 80 ಕಿ.ಮೀ. ವೇಗದಿಂದ 15ಕ್ಕೆ ಹದವಾಗಿ ಇಳಿಸುತ್ತ ಎಂಟು ಹತ್ತು ಸಲ ಬ್ರೇಕ್ ಹಿಡಿದೆವು. ಪೂರ್ತಿ ನಿಲ್ಲಿಸಲಿಲ್ಲ. ಕಾದ ಪ್ಯಾಡು ಒಂದೇ ಕಡೆ ಒತ್ತಿ ನಿಂತರೆ ಮಸಿ ಅಲ್ಲೇ ಅಂಟುತ್ತದೆ, ಹಳೆಯ ನಡುಕ ಮತ್ತೆ ಶುರು. ಆಮೇಲೆ ಆರಲು ಬಿಟ್ಟೆವು.

ಭಾನುವಾರ ಹೈವೇ 9. ಮೇಲಿನಿಂದ ಹೊರಡುವಾಗ, "ಯಾವ ಗೇರಲ್ಲಿ ಹತ್ತುತ್ತೀಯೋ ಅದರಲ್ಲೇ ಇಳಿ" ಎಂದೆ. ನಮ್ಮ ಘಾಟಿ ಡ್ರೈವರುಗಳ ಮಾತು ಅದು. ಅವನು ಹಾಗೇ ಇಳಿದ. ಸ್ಟೀರಿಂಗ್ ಅಲುಗಲಿಲ್ಲ. ಸಾರಟೋಗಾದಲ್ಲಿ ಕಾರು ನಿಲ್ಲಿಸಿದ ಮೇಲೆ ಹಳೆಯ ಅಭ್ಯಾಸಬಲದಿಂದ ಮುಂದಿನ ಚಕ್ರದ ಹತ್ತಿರ ಬಗ್ಗಿ ಮೂಸಿ ನೋಡಿದೆ. ಸುಟ್ಟ ವಾಸನೆ ಇರಲಿಲ್ಲ.

ಬಿಚ್ಚಿದ ಹಳೆಯ ತಟ್ಟೆಗಳಲ್ಲಿ ಒಂದನ್ನು ಮಗಳು ಗ್ಯಾರೇಜಿನ ಬಾಗಿಲಿಗೆ ಒತ್ತು ಕೊಟ್ಟಿದ್ದಾಳೆ. ಗಾಳಿಗೆ ಬಾಗಿಲು ಬಡಿಯುವುದು ನಿಂತಿದೆಯಂತೆ.