ಧ್ರುವ ಇಂಟರಾಕ್ಟಿವ್: ಒಂದು ಗೇಮ್ ಸ್ಟುಡಿಯೊದ ಇಪ್ಪತ್ತೆರಡು ವರ್ಷ

ಭಾರತದ ಮೊದಲ ವಿಡಿಯೊ ಗೇಮ್ ಕಂಪನಿ ಎಂದು ಸಾಮಾನ್ಯವಾಗಿ ಹೆಸರಿಸುವುದು ಬೆಂಗಳೂರಿನ ಧ್ರುವ ಇಂಟರಾಕ್ಟಿವ್ ಅನ್ನು. ರಾಜೇಶ್ ರಾವ್ ಅದನ್ನು 1997ರಲ್ಲಿ ಕಟ್ಟಿದರು. ಇಪ್ಪತ್ತು ವರ್ಷ ಯಾರ ಅಡಿಯಾಳೂ ಆಗದೆ ನಡೆದ ಕಂಪನಿ 2017ರಲ್ಲಿ ಸ್ವೀಡನ್ನಿನ ಸ್ಟಾರ್‌ಬ್ರೀಜ್‌ನ ಕೈಸೇರಿತು. 2019ರಲ್ಲಿ ಅಮೆರಿಕದ ರಾಕ್‌ಸ್ಟಾರ್ ಗೇಮ್ಸ್ ಕೊಂಡುಕೊಂಡ ಮೇಲೆ ಅದು ರಾಕ್‌ಸ್ಟಾರ್ ಇಂಡಿಯಾದಲ್ಲಿ ಕರಗಿಹೋಯಿತು. ಈ ನಡುವೆ ಅಲ್ಲಿ ತಯಾರಾದ ಕಾರು, ಕಟ್ಟಡ, ಗಿಡಮರಗಳು ಲೋಕದ ಮೂಲೆಮೂಲೆಯ ಆಟಗಾರರ ಪರದೆಯ ಮೇಲೆ ಬಂದವು. ಆದರೂ ಆಟದ ಡಬ್ಬಿಯ ಮೇಲೆ ಕಾಣುತ್ತಿದ್ದುದು ಬೇರೆಯವರ ಹೆಸರು. ಕೆಲಸ ಯಾರದು, ಆಟ ಯಾರದು ಎಂಬ ಎರಡು ಪ್ರಶ್ನೆಗಳಿಗೆ ಒಂದೇ ಉತ್ತರ ಸಿಗದೆ ಹೋದದ್ದೇ ಧ್ರುವದ ಚರಿತ್ರೆಯ ತಿರುಳು.

ಗೇಮ್ ಉದ್ಯಮದಲ್ಲಿ ಆಟ ತಯಾರಿಸುವವರು ಬೇರೆ, ಅದಕ್ಕೆ ಹಣ ಹಾಕಿ ಮಾರುವ ಪ್ರಕಾಶಕರು ಬೇರೆ. ಪ್ರಕಾಶಕರ ಒಡೆತನಕ್ಕೆ ಒಳಪಡದೆ ತನ್ನ ಕಾಲ ಮೇಲೆ ನಿಂತ ತಯಾರಿಕಾ ತಂಡವೇ ಸ್ವತಂತ್ರ ಸ್ಟುಡಿಯೊ. ಆದರೆ ಒಡೆತನದಲ್ಲಿ ಸ್ವತಂತ್ರವಾಗಿದ್ದರೂ ಹಣಕ್ಕೆ ಪರಾಧೀನವಾಗಿರಬಹುದು. ಒಂದು ದೊಡ್ಡ ಆಟ ಮುಗಿಯಲು ಎರಡು, ಮೂರು, ಕೆಲವೊಮ್ಮೆ ಐದು ವರ್ಷ ಬೇಕು. ಅಷ್ಟು ಕಾಲ ಆದಾಯವಿಲ್ಲ, ಸಂಬಳ ಮಾತ್ರ ಪ್ರತಿ ತಿಂಗಳೂ ಕೊಡಬೇಕು. ಪ್ರಕಾಶಕರು ಮುಂಗಡ ಕೊಟ್ಟರೆ ಆಟದ ಹಕ್ಕು ಬಹುಪಾಲು ಅವರದಾಗುತ್ತದೆ. ಕೊಡದಿದ್ದರೆ ಸ್ಟುಡಿಯೊ ಬೇರೆ ಕೂಲಿ ಹುಡುಕಿಕೊಳ್ಳಬೇಕು.

ಧ್ರುವ ಶುರುವಾದ ಕಾಲದಲ್ಲಿ ಭಾರತದಲ್ಲಿ ಈ ಉದ್ಯಮವೇ ಇರಲಿಲ್ಲ. ಸಾರ್ವಜನಿಕರಿಗೆ ಇಂಟರ್ನೆಟ್ ಸಿಕ್ಕದ್ದು 1995ರ ಆಗಸ್ಟ್ 15ರಂದು, ಸರ್ಕಾರಿ ಟೆಲಿಕಾಂ ಕಂಪನಿ ವಿಎಸ್ಎನ್ಎಲ್ ಮೂಲಕ, ಅದೂ ಟೆಲಿಫೋನ್ ತಂತಿಯ ಆಮೆವೇಗದಲ್ಲಿ. ಮನೆಯಲ್ಲಿ ಕಂಪ್ಯೂಟರ್ ಇದ್ದವರು ಕಡಿಮೆ. ಇದ್ದವರೂ ಆಟವನ್ನು ಕಾಸು ಕೊಟ್ಟು ಕೊಳ್ಳುವ ಬದಲು ನಕಲು ಸಿ.ಡಿ.ಯಲ್ಲಿ ಆಡಿ ಮುಗಿಸುತ್ತಿದ್ದರು. ಮೈಕ್ರೊಸಾಫ್ಟ್‌ನ ಎಕ್ಸ್‌ಬಾಕ್ಸ್ 360 ಭಾರತದ ಅಂಗಡಿಗೆ ಬಂದದ್ದು 2006ರಲ್ಲಿ. ಹಾಗಾಗಿ ಬೆಂಗಳೂರಿನಲ್ಲಿ ಆಟ ಕಟ್ಟುವವರಿಗೆ ಬೆಂಗಳೂರಿನಲ್ಲಿ ಗಿರಾಕಿ ಇರಲಿಲ್ಲ. ಗಿರಾಕಿ ಇದ್ದದ್ದು ಯುರೋಪ್, ಅಮೆರಿಕ, ಜಪಾನ್‌ಗಳಲ್ಲಿ. ಅಲ್ಲಿನವರಿಗೆ ಬೆಂಗಳೂರು ಗೊತ್ತಿದ್ದುದು ಸಾಫ್ಟ್‌ವೇರ್ ಊರೆಂದು.

ಮೊದಲ ದೊಡ್ಡ ಅವಕಾಶ ಫ್ರಾನ್ಸಿನಿಂದ ಬಂತು. ಆಗ ಇನ್ಫೊಗ್ರಾಮ್ಸ್ ಎಂಬ ಫ್ರೆಂಚ್ ಪ್ರಕಾಶಕ ಕಂಪನಿ ‘ಮಿಷನ್: ಇಂಪಾಸಿಬಲ್’ ಸಿನಿಮಾ ಆಧರಿಸಿ ಆಟ ಹೊರತರುತ್ತಿತ್ತು. 1998ರಲ್ಲಿ ನಿಂಟೆಂಡೊ 64ಕ್ಕೂ ಮರುವರ್ಷ ಪ್ಲೇಸ್ಟೇಷನ್‌ಗೂ ಅದು ಬಂತು. ಕಂಪ್ಯೂಟರಿನಲ್ಲಿ ಆಡುವ ಆವೃತ್ತಿಯ ಕೆಲಸ ಧ್ರುವಕ್ಕೆ ಸಿಕ್ಕಿತು. ಹೊಸ ಕಂಪನಿಗೆ ಇದು ಸಣ್ಣ ಮಾತಲ್ಲ. ಆದರೆ ಆ ಆವೃತ್ತಿ ಮಾರುಕಟ್ಟೆಗೆ ಬರಲೇ ಇಲ್ಲ. ಗೇಮ್ ಉದ್ಯಮದಲ್ಲಿ ಇಂಥದ್ದು ಹೊಸತಲ್ಲ: ಅರ್ಧಕ್ಕೆ ನಿಂತ ಆಟ ಎಷ್ಟೇ ಚೆನ್ನಾಗಿದ್ದರೂ ಯಾರ ಕಣ್ಣಿಗೂ ಬೀಳುವುದಿಲ್ಲ, ತಂಡದ ಹೆಸರೂ ಅದರೊಟ್ಟಿಗೇ ಮುಳುಗುತ್ತದೆ. ದೊಡ್ಡ ತಂಡಕ್ಕಾದರೆ ಅದು ಒಂದು ನಷ್ಟ ಅಷ್ಟೇ, ಒಂದೇ ಕೆಲಸ ನೆಚ್ಚಿಕೊಂಡ ಚಿಕ್ಕ ತಂಡಕ್ಕೆ ಜೀವನ್ಮರಣದ ಪ್ರಶ್ನೆ.

ಮುಂದಿನ ಕೆಲವು ವರ್ಷ ಧ್ರುವ ಸಿಕ್ಕ ಕೆಲಸ ಮಾಡಿಕೊಂಡು ಉಳಿಯಿತು. ಮೊಬೈಲ್ ಫೋನಿಗೆ ಚಿಕ್ಕ ಆಟಗಳನ್ನು ಕಟ್ಟಿತು. ಅಮೆರಿಕದ ಪತ್ರಕರ್ತ ಥಾಮಸ್ ಫ್ರೀಡ್‌ಮನ್ 2005ರಲ್ಲಿ ಪ್ರಕಟಿಸಿದ ‘ದಿ ವರ್ಲ್ಡ್ ಈಸ್ ಫ್ಲಾಟ್’ ಪುಸ್ತಕದಲ್ಲಿ ಧ್ರುವದ ಪ್ರಸ್ತಾಪ ಬರುತ್ತದೆ. ಮೊಬೈಲ್ ಆಟಗಳಲ್ಲಿ ಚಾರ್ಲಿ ಚಾಪ್ಲಿನ್‌ನ ರೂಪ ಬಳಸುವ ಹಕ್ಕನ್ನು ಬೆಂಗಳೂರಿನ ಈ ಕಂಪನಿ ಕೊಂಡುಕೊಂಡಿದೆ ಎಂಬುದು ಅವರಿಗೆ ಸೋಜಿಗದ ಸಂಗತಿಯಾಗಿತ್ತು. ಸೋಜಿಗಕ್ಕಿಂತ ಅದರ ಹಿಂದಿನ ಲೆಕ್ಕಾಚಾರ ಗಮನಿಸತಕ್ಕದ್ದು. ಸ್ವಂತ ಆಟ ಮಾರಬೇಕಾದರೆ ಎಲ್ಲರಿಗೂ ಗೊತ್ತಿರುವ ಮುಖ ಬೇಕು, ಮುಖ ಇಲ್ಲದಿದ್ದರೆ ಬಾಡಿಗೆಗೆ ತರಬೇಕು. ಆಗಿನ ಮೊಬೈಲ್ ಮಾರುಕಟ್ಟೆಯಲ್ಲಿ ಆಟ ಗಿರಾಕಿಗೆ ತಲುಪುತ್ತಿದ್ದುದು ಟೆಲಿಕಾಂ ಕಂಪನಿಗಳ ಮೂಲಕ. ಬಂದ ಹಣದಲ್ಲಿ ದೊಡ್ಡ ಪಾಲು ಅವರಿಗೇ ಹೋಗುತ್ತಿತ್ತು. ಸ್ವಂತ ಆಟದ ದಾರಿ ಕಿರಿದಾಗಿಯೇ ಉಳಿಯಿತು.

ಕಂಪನಿಯನ್ನು ನಿಲ್ಲಿಸಿದ್ದು ಕಲಾ ಕೆಲಸ. ಎರಡು ಸಾವಿರದ ದಶಕದಲ್ಲಿ ಆಟದ ಯಂತ್ರಗಳ ಶಕ್ತಿ ಹೆಚ್ಚಿದಂತೆ ಆಟದೊಳಗಿನ ಲೋಕವೂ ಹಿಗ್ಗಿತು. ಮೊದಲು ನಾಲ್ಕಾರು ಡಬ್ಬಿ ಜೋಡಿಸಿದಂತೆ ಕಾಣುತ್ತಿದ್ದ ಕಾರಿಗೆ ಈಗ ಬಾಗಿಲ ಹಿಡಿ, ಸೀಟಿನ ಹೊಲಿಗೆ, ಬ್ರೇಕಿನ ಡಿಸ್ಕ್ ಎಲ್ಲವೂ ಬೇಕು. ಅಂಥ ಕಾರು ಒಂದಲ್ಲ, ನೂರಾರು. ಇದಕ್ಕೆ ಬೇಕಾದಷ್ಟು ಕಲಾವಿದರನ್ನು ಪಶ್ಚಿಮದ ಸ್ಟುಡಿಯೊಗಳು ತಮ್ಮಲ್ಲೇ ಇಟ್ಟುಕೊಳ್ಳುವುದು ದುಬಾರಿ. ಆ ಕೆಲಸ ಹೊರಗೆ ಹೋಗತೊಡಗಿತು, ಧ್ರುವ ಅದನ್ನು ಹಿಡಿಯಿತು. ಮೈಕ್ರೊಸಾಫ್ಟ್‌ನ ‘ಫೋರ್ಜಾ’ ಕಾರು ಓಟದ ಸರಣಿ ಅದಕ್ಕೆ ಬಹುಕಾಲದ ಕೆಲಸವಾಯಿತು. ‘ಸೀ ಆಫ್ ಥೀವ್ಸ್’, ‘ಡೇಸ್ ಗಾನ್’ ಮೊದಲಾದ ದೊಡ್ಡ ಆಟಗಳಲ್ಲೂ ಅದರ ಕೈಕೆಲಸವಿದೆ.

ಕೆಲಸದ ಕ್ರಮ ಹೀಗೆ. ಮೊದಲು ಗಿರಾಕಿ ಸ್ಟುಡಿಯೊದಿಂದ ಕಾರಿನ ಫೋಟೊ, ಅಳತೆ, ಕಾರು ಕಂಪನಿಯ ನಕ್ಷೆ ಬರುತ್ತವೆ. ಒಬ್ಬರು ಅದನ್ನು ನೋಡಿ ಸಣ್ಣ ಸಣ್ಣ ತ್ರಿಕೋನ, ಚತುಷ್ಕೋನಗಳ ಬಲೆಯಾಗಿ ಮೂರು ಆಯಾಮದ ಮಾದರಿ ಕಟ್ಟುತ್ತಾರೆ. ಇನ್ನೊಬ್ಬರು ಆ ಬಲೆಯನ್ನು ಕತ್ತರಿಸಿ, ಬಟ್ಟೆಯಂತೆ ಚಪ್ಪಟೆ ಹರಡಿ, ಅದರ ಮೇಲೆ ಬಣ್ಣ, ಹೊಳಪು, ತುಕ್ಕು, ಧೂಳು ಬಳಿಯುತ್ತಾರೆ. ಮಗದೊಬ್ಬರು ಅದೇ ಕಾರಿನ ಹಗುರ ರೂಪಗಳನ್ನು ಮಾಡುತ್ತಾರೆ. ದೂರದಲ್ಲಿ ಚುಕ್ಕಿಯಂತೆ ಕಾಣುವ ಕಾರಿಗೆ ಲಕ್ಷ ತ್ರಿಕೋನ ಖರ್ಚು ಮಾಡಿದರೆ ಯಂತ್ರ ತಿಣುಕುತ್ತದೆ. ಕಡೆಗೆ ಎಲ್ಲವನ್ನೂ ಆಟ ನಡೆಸುವ ತಂತ್ರಾಂಶವಾದ ಗೇಮ್ ಎಂಜಿನ್‌ಗೆ ಏರಿಸಿ, ಬೆಳಕು ಬಿದ್ದಾಗ ಹೇಗೆ ಕಾಣುತ್ತದೆಂದು ನೋಡಿ, ತಿದ್ದಿ, ಒಪ್ಪಿಗೆಗೆ ಕಳಿಸುತ್ತಾರೆ. ಬೀದರಿನ ಬಿದ್ರಿ ಕಾರ್ಖಾನೆ ನೋಡಿದವರಿಗೆ ಈ ಏರ್ಪಾಡು ಅಪರಿಚಿತವಲ್ಲ. ಸತು ಮತ್ತು ತಾಮ್ರದ ಎರಕ ಹೊಯ್ಯುವವರು ಒಬ್ಬರು, ಉಳಿ ಹಿಡಿದು ಚಿತ್ತಾರ ಕೆತ್ತುವವರು ಇನ್ನೊಬ್ಬರು, ಬೆಳ್ಳಿ ಕೂರಿಸುವವರು ಬೇರೊಬ್ಬರು, ಕೋಟೆಯ ಮಣ್ಣು ಮತ್ತು ನವಸಾಗರದಿಂದ ಕಪ್ಪೇರಿಸುವ ಕೈ ಮತ್ತೊಂದು. ಹೂಜಿ ಹೊರಗೆ ಹೋದಾಗ ಅದರಲ್ಲಿ ಯಾರ ಉಳಿ ಎಲ್ಲಿ ಓಡಿತೆಂದು ಕೊಂಡವರಿಗೆ ತಿಳಿಯುವುದಿಲ್ಲ. ವ್ಯತ್ಯಾಸವೂ ಒಂದಿದೆ. 2006ರಲ್ಲಿ ಭೌಗೋಳಿಕ ಗುರುತು ಸಿಕ್ಕ ಮೇಲೆ ಬಿದ್ರಿಗೆ ತನ್ನ ಊರಿನ ಹೆಸರಾದರೂ ಕಾನೂನಿನಲ್ಲಿ ಭದ್ರವಾಗಿದೆ. ಗುತ್ತಿಗೆಗೆ ಮಾಡಿದ ಗೇಮ್ ಕಲೆಗೆ ಅಷ್ಟೂ ಇಲ್ಲ, ಆಟ ಮುಗಿದ ಮೇಲೆ ಓಡುವ ಹೆಸರುಗಳ ಪಟ್ಟಿಯಲ್ಲಿ ಒಂದು ಸಾಲು ಸಿಕ್ಕರೆ ಪುಣ್ಯ.

ಗುತ್ತಿಗೆ ಕೆಲಸವನ್ನು ಕೀಳಾಗಿ ಕಾಣುವುದು ಗೇಮ್ ವಲಯದಲ್ಲಿ ಸಾಮಾನ್ಯ. ಅದು ನ್ಯಾಯವಲ್ಲ. ಆಟದ ಕಲೆ ಕಲಿಸುವ ಕಾಲೇಜುಗಳಿಲ್ಲದ ಕಾಲದಲ್ಲಿ ಧ್ರುವವೇ ಕಾಲೇಜಾಗಿತ್ತು. ಅಲ್ಲಿ ಕಲಿತವರು ಬೇರೆ ಸ್ಟುಡಿಯೊಗಳಿಗೆ ಹೋದರು. ರಾಜೇಶ್ ರಾವ್ ಸಾಫ್ಟ್‌ವೇರ್ ಉದ್ಯಮದ ಒಕ್ಕೂಟವಾದ ನಾಸ್ಕಾಂನ ಗೇಮಿಂಗ್ ವೇದಿಕೆಯ ನಾಯಕತ್ವ ವಹಿಸಿದರು, ದೇಶದ ಗೇಮ್ ತಯಾರಕರು ವರ್ಷಕ್ಕೊಮ್ಮೆ ಕಲೆಯುವ ಸಮ್ಮೇಳನ ಅಲ್ಲಿಂದ ಬೆಳೆಯಿತು. 2012ರಲ್ಲಿ ಕರ್ನಾಟಕ ಸರ್ಕಾರ ಅನಿಮೇಷನ್, ವಿಷುಯಲ್ ಎಫೆಕ್ಟ್ಸ್, ಗೇಮಿಂಗ್, ಕಾಮಿಕ್ಸ್‌ಗೆಂದೇ ಪ್ರತ್ಯೇಕ ನೀತಿ ತಂದಿತು. ದೇಶದಲ್ಲಿ ಅದೇ ಮೊದಲನೆಯದು. 2024ರಿಂದ 2029ರ ಅವಧಿಗೆ ಮೂರನೇ ನೀತಿ ಜಾರಿಯಲ್ಲಿದೆ.

ಧ್ರುವದ ಕೊನೆಯ ಘಟ್ಟ ಬೇಗ ಬೇಗ ನಡೆದುಹೋಯಿತು. ‘ಪೇಡೇ’ ಸರಣಿಯಿಂದ ಹೆಸರಾದ ಸ್ಟಾಕ್‌ಹೋಮ್‌ನ ಸ್ಟಾರ್‌ಬ್ರೀಜ್ 2016ರ ಡಿಸೆಂಬರಿನಲ್ಲಿ ಧ್ರುವದ ಶೇ. 90ರಷ್ಟು ಪಾಲನ್ನು ಸುಮಾರು 85 ಲಕ್ಷ ಡಾಲರಿಗೆ ಕೊಳ್ಳುವುದಾಗಿ ಪ್ರಕಟಿಸಿತು. ಆಗ ಧ್ರುವದಲ್ಲಿ ಮುನ್ನೂರಕ್ಕೂ ಹೆಚ್ಚು ಜನ ಇದ್ದರು. 2017ರಲ್ಲಿ ಕೈಬದಲು ಮುಗಿಯಿತು. ಆದರೆ ಕೊಂಡವರ ಗತಿಯೇ ಕೆಟ್ಟಿತು. 2018ರ ನವೆಂಬರಿನಲ್ಲಿ ಬಂದ ಅವರ ‘ದಿ ವಾಕಿಂಗ್ ಡೆಡ್’ ಆಟ ನೆಲಕಚ್ಚಿತು, ಡಿಸೆಂಬರಿನಲ್ಲಿ ಕಂಪನಿ ಸಾಲಗಾರರಿಂದ ರಕ್ಷಣೆ ಕೋರಿ ನ್ಯಾಯಾಲಯದ ಮೆಟ್ಟಿಲೇರಿತು. ಕೈಯಲ್ಲಿದ್ದುದನ್ನು ಮಾರಿ ಕಾಸು ಮಾಡಿಕೊಳ್ಳಬೇಕಾದ ಹೊತ್ತಿನಲ್ಲಿ ಧ್ರುವವೂ ಮಾರಾಟಕ್ಕೆ ಬಂತು. 2019ರ ಮೇ ತಿಂಗಳಲ್ಲಿ ‘ಗ್ರ್ಯಾಂಡ್ ಥೆಫ್ಟ್ ಆಟೊ’ ಖ್ಯಾತಿಯ ರಾಕ್‌ಸ್ಟಾರ್ 79 ಲಕ್ಷ ಡಾಲರ್ ಕೊಟ್ಟು ಸ್ಟಾರ್‌ಬ್ರೀಜ್‌ನ ಪಾಲನ್ನು ಕೊಂಡು, 2016ರಿಂದ ಬೆಂಗಳೂರಿನಲ್ಲಿದ್ದ ತನ್ನ ಘಟಕಕ್ಕೆ ಸೇರಿಸಿಕೊಂಡಿತು. ಬೆಂಗಳೂರಿನಲ್ಲಿ ಯಾರದೂ ತಪ್ಪಿಲ್ಲದೆ, ಸ್ವೀಡನ್ನಿನಲ್ಲಿ ಸೋತ ಒಂದು ಆಟದಿಂದ ಕಂಪನಿಯ ಯಜಮಾನರು ಬದಲಾದರು. ಎರಡು ಮಾರಾಟಗಳ ಬೆಲೆಯನ್ನು ‘ಮೈನ್‌ಕ್ರಾಫ್ಟ್’ ಜತೆ ಹೋಲಿಸಿದರೆ ಸ್ವಂತ ಆಟದ ತೂಕ ಗೊತ್ತಾಗುತ್ತದೆ. ಸ್ವೀಡನ್ನಿನಲ್ಲೇ ಒಬ್ಬ ವ್ಯಕ್ತಿ 2009ರಲ್ಲಿ ಆರಂಭಿಸಿದ ಆ ಆಟಕ್ಕಾಗಿ, ಅದನ್ನು ಹೊರತಂದ ಮೊಜಾಂಗ್ ಕಂಪನಿಗೆ ಮೈಕ್ರೊಸಾಫ್ಟ್ 2014ರಲ್ಲಿ 250 ಕೋಟಿ ಡಾಲರ್ ಕೊಟ್ಟಿತು.

ಬೆಂಗಳೂರಿನ ಹೊರಗೆ, ಜಿಲ್ಲಾ ಕೇಂದ್ರವೊಂದರಲ್ಲಿ ಸ್ವಂತ ಆಟ ಕಟ್ಟುವ ಪ್ರಯತ್ನ ಬೇರೆ ರೀತಿಯಲ್ಲಿ ನಡೆದಿದೆ. ಉಡುಪಿಯಲ್ಲಿ ರೋಹಿತ್ ಭಟ್ 1996ರಲ್ಲಿ ರೊಬೊಸಾಫ್ಟ್ ಎಂಬ ಸಾಫ್ಟ್‌ವೇರ್ ಕಂಪನಿ ಕಟ್ಟಿದರು. ಐಫೋನಿನ ಆ್ಯಪ್ ಅಂಗಡಿ 2008ರಲ್ಲಿ ತೆರೆದ ಮೇಲೆ, ಆಟ ತಯಾರಿಸಿದವರು ಟೆಲಿಕಾಂ ಕಂಪನಿಯ ಹಂಗಿಲ್ಲದೆ ನೇರವಾಗಿ ಗಿರಾಕಿಗೆ ಮಾರುವುದು ಸಾಧ್ಯವಾಯಿತು. ಅದೇ ಕಾಲದಲ್ಲಿ ರೊಬೊಸಾಫ್ಟ್‌ನ ಮಗ್ಗುಲಲ್ಲಿ 99ಗೇಮ್ಸ್ ಹುಟ್ಟಿತು. 2013ರಲ್ಲಿ ‘ಧೂಮ್ 3’ ಸಿನಿಮಾದ ಜತೆಗೆ ಅದರ ಬೈಕ್ ಆಟ ಹೊರತಂದು ಈ ತಂಡ ದೇಶದಾದ್ಯಂತ ಹೆಸರಾಯಿತು. ಆದರೆ ಸಿನಿಮಾ ಆಟದ ಆಯಸ್ಸು ಸಿನಿಮಾದ ಸದ್ದಿನಷ್ಟೇ, ಹಕ್ಕೂ ಸಿನಿಮಾದವರದು. 2014ರ ‘ಸ್ಟಾರ್ ಶೆಫ್’ ಹಾಗಲ್ಲ. ಹೋಟೆಲ್ ನಡೆಸುವ ಆ ಆಟ ಉಡುಪಿಯದೇ ಸ್ವಂತ ಆಸ್ತಿ. ಹೋಟೆಲಿಗೆ ಹೆಸರಾದ ಊರಿನಿಂದ ಹೋಟೆಲಿನದೇ ಆಟ ಬಂದದ್ದು ಕಾಕತಾಳೀಯವಿದ್ದರೂ ಇರಬಹುದು. ಆಡಲು ದುಡ್ಡಿಲ್ಲ, ಆಟದೊಳಗೆ ಬೇಗ ಮುಂದೆ ಹೋಗಬೇಕೆಂದವರು ಮಾತ್ರ ದುಡ್ಡು ಕೊಡುತ್ತಾರೆ. ಹೊಸ ಅಡುಗೆ, ಹೊಸ ಹಬ್ಬದ ಅಲಂಕಾರ ಸೇರಿಸುತ್ತಾ ಹೋದರೆ ಇಂಥ ಆಟ ವರ್ಷಗಟ್ಟಲೆ ಬದುಕುತ್ತದೆ.

ಬೀದರಿನಂಥ ಗಡಿ ಜಿಲ್ಲೆಯಲ್ಲೂ ಇಂಥ ಪ್ರಯತ್ನ ಸಾಧ್ಯವೇ? ಅಲ್ಲಿಂದ ನೋಡಿದರೆ ಬೆಂಗಳೂರು ಸುಮಾರು 700 ಕಿಲೊಮೀಟರ್ ದೂರ. ಹೈದರಾಬಾದ್ ಅದರ ಕಾಲುಭಾಗದಷ್ಟೂ ಇಲ್ಲ. ಹೈದರಾಬಾದಿನ ಓಗ್ರ್ ಹೆಡ್ ಎಂಬ ಚಿಕ್ಕ ಸ್ವತಂತ್ರ ಸ್ಟುಡಿಯೊ 2017ರಲ್ಲಿ ‘ಅಸುರ’ ಎಂಬ ತನ್ನದೇ ಆಟವನ್ನು ಕಂಪ್ಯೂಟರ್ ಆಟಗಳ ಆನ್‌ಲೈನ್ ಅಂಗಡಿಯಾದ ಸ್ಟೀಮ್‌ನಲ್ಲಿ ಮಾರಾಟಕ್ಕಿಟ್ಟಿತು. ಬೀದರಿನಲ್ಲಿ ಗುರುನಾನಕ್ ದೇವ್ ಎಂಜಿನಿಯರಿಂಗ್ ಕಾಲೇಜು, ಅದೇ ಜಿಲ್ಲೆಯ ಭಾಲ್ಕಿಯಲ್ಲಿ ಭೀಮಣ್ಣ ಖಂಡ್ರೆ ತಾಂತ್ರಿಕ ಸಂಸ್ಥೆ ಎಂಬತ್ತರ ದಶಕದಿಂದ ಎಂಜಿನಿಯರುಗಳನ್ನು ತಯಾರಿಸುತ್ತಿವೆ. ಧ್ರುವ ಶುರುವಾದಾಗ ಆಟ ಕಟ್ಟುವ ಸಲಕರಣೆಯೇ ಲಕ್ಷಗಟ್ಟಲೆ ಬಾಳುತ್ತಿತ್ತು. ಈಗ ಮೂರು ಆಯಾಮದ ಮಾದರಿ ಮಾಡುವ ಬ್ಲೆಂಡರ್, ಆಟದ ಎಂಜಿನ್ ಗೊಡೊ ಎರಡೂ ಪೂರ್ತಿ ಉಚಿತ. ಗೂಗಲ್ ಪ್ಲೇನಲ್ಲಿ ತಯಾರಕರ ಖಾತೆ ತೆರೆಯಲು ಒಮ್ಮೆ 25 ಡಾಲರ್, ಸ್ಟೀಮ್‌ನಲ್ಲಿ ಒಂದು ಆಟಕ್ಕೆ 100 ಡಾಲರ್. ಅಂಗಡಿಯವರ ಪಾಲು ಸ್ಟೀಮ್‌ನಲ್ಲಿ ಸಾಮಾನ್ಯವಾಗಿ ಶೇ. 30. ಗೂಗಲ್ 2021ರಲ್ಲಿ ತಯಾರಕರ ವರ್ಷದ ಮೊದಲ ಹತ್ತು ಲಕ್ಷ ಡಾಲರ್ ಆದಾಯದ ಮೇಲೆ ತನ್ನ ಪಾಲನ್ನು ಶೇ. 15ಕ್ಕೆ ಇಳಿಸಿತು. ಖರ್ಚಿನಲ್ಲಿ ದೊಡ್ಡದಾಗಿ ಉಳಿದಿರುವುದು ಮನುಷ್ಯರ ದಿನಗಳು. ಅಮೆರಿಕದ ಎರಿಕ್ ಬರೋನ್ ‘ಸ್ಟಾರ್‌ಡ್ಯೂ ವ್ಯಾಲಿ’ ಎಂಬ ಬೇಸಾಯದ ಆಟವನ್ನು ಒಬ್ಬರೇ ನಾಲ್ಕು ವರ್ಷಕ್ಕೂ ಮೇಲೆ ಕೂತು ಕಟ್ಟಿ 2016ರಲ್ಲಿ ಹೊರತಂದರು. ಅಷ್ಟು ಕಾಲ ಮನೆ ನಡೆಸುವವರು ಬೇರೊಬ್ಬರಿರಬೇಕು ಎಂಬುದು ಇಂಥ ಕತೆಗಳಲ್ಲಿ ಸಣ್ಣ ಅಕ್ಷರದಲ್ಲಿರುವ ಷರತ್ತು.

ಗಡಿನಾಡಿಗೆ ಇನ್ನೊಂದು ತೊಡಕು ಹೆಚ್ಚು. ಬೀದರ್ ಜಿಲ್ಲೆಯ ಔರಾದಿನಂಥ ತಾಲ್ಲೂಕಿನಲ್ಲಿ ಕನ್ನಡದ ಜತೆ ಮರಾಠಿ, ಉರ್ದು, ತೆಲುಗು ದಿನಬಳಕೆಯ ಮಾತು. ಅಲ್ಲಿನ ಮಕ್ಕಳಿಗೆ ಆಟ ಕಟ್ಟುವವರು ನಾಲ್ಕು ಲಿಪಿ ನಿಭಾಯಿಸಬೇಕು. ಇಂಗ್ಲಿಷಿನಲ್ಲಿ ಒಂದು ಅಕ್ಷರದ ಪಕ್ಕ ಇನ್ನೊಂದನ್ನು ಇಟ್ಟರೆ ಪದವಾಯಿತು. ಕನ್ನಡದಲ್ಲಿ ಒತ್ತಕ್ಷರ ಕೆಳಗೆ ಕೂರಬೇಕು, ಗುಣಿತದ ಚಿಹ್ನೆ ಅಕ್ಷರಕ್ಕೆ ಅಂಟಿ ಅದರ ಆಕಾರ ಬದಲಿಸಬೇಕು. ಉರ್ದು ಬಲದಿಂದ ಎಡಕ್ಕೆ ಓಡಬೇಕು, ಅಕ್ಷರಗಳು ಒಂದಕ್ಕೊಂದು ಕೈಹಿಡಿಯಬೇಕು. ಇದನ್ನೆಲ್ಲ ಲೆಕ್ಕ ಹಾಕುವ ತಂತ್ರಾಂಶ ಪದರ ಬಹಳ ಕಾಲ ಅನೇಕ ಗೇಮ್ ಎಂಜಿನ್‌ಗಳಲ್ಲಿ ಇರಲಿಲ್ಲ. ಹೆಚ್ಚು ಬಳಕೆಯ ಯೂನಿಟಿ ಎಂಬ ಎಂಜಿನ್ನಿನ ಪಠ್ಯ ಸಲಕರಣೆಯಲ್ಲಿ ‘ಅಮ್ಮ’ ಎಂದು ಬರೆದರೆ ಎರಡನೇ ‘ಮ’ ಒತ್ತಾಗಿ ಕೆಳಗಿಳಿಯದೆ ಪಕ್ಕದಲ್ಲೇ ನಿಲ್ಲುತ್ತಿತ್ತು. ಕೆಲವರು ಪದಗಳನ್ನು ಚಿತ್ರವಾಗಿ ಬರೆದು ಅಂಟಿಸಿ ಪಾರಾಗುತ್ತಿದ್ದರು. ಹಾಗೆ ಮಾಡಿದರೆ ಒಂದು ಕಾಗುಣಿತ ತಿದ್ದಲೂ ಹೊಸ ಚಿತ್ರ ಬೇಕು, ಅಂಕ ಏರಿದಂತೆ ಬದಲಾಗುವ ಸಾಲುಗಳನ್ನಂತೂ ಬರೆಯಲಾಗದು. ಹಾರ್ಫ್‌ಬಜ್ ಎಂಬ ಮುಕ್ತ ತಂತ್ರಾಂಶ ಈ ಜೋಡಣೆಯನ್ನು ಸರಿಯಾಗಿ ಮಾಡುತ್ತದೆ. ಅನ್‌ರಿಯಲ್ ಎಂಜಿನ್ ಅದನ್ನು ಮೊದಲೇ ಅಳವಡಿಸಿಕೊಂಡಿತ್ತು. 2023ರಲ್ಲಿ ಬಂದ ಗೊಡೊದ ನಾಲ್ಕನೇ ಆವೃತ್ತಿಯೂ ಅದನ್ನು ಒಳಗೊಂಡಿತು. ಅಲ್ಲಿಂದೀಚೆಗೆ ಕನ್ನಡದ ಒತ್ತಕ್ಷರ, ಮರಾಠಿಯ ಜೋಡಕ್ಷರ, ಬಲದಿಂದ ಹೊರಡುವ ಉರ್ದು ಸಾಲು ಮೂರನ್ನೂ ಉಚಿತ ಎಂಜಿನ್ ಒಂದರಲ್ಲಿ, ಒಂದೇ ಪರದೆಯ ಮೇಲೆ, ಚಿತ್ರದ ಹಂಗಿಲ್ಲದೆ ಬರೆಯಬಹುದಾಗಿದೆ.