ಮಳೆಯ ಮೊತ್ತವೂ ಮರಗಳ ಎಣಿಕೆಯೂ

ಮಳೆ ಹೆಚ್ಚಿದಷ್ಟೂ ಕಾಡು ಸಮೃದ್ಧವಾಗುವುದೆಂದೂ, ಮರವಿಲ್ಲದ ನೆಲವೆಲ್ಲ ಕಾಡು ಕಡಿದು ಹಾಳುಗೆಡವಿದ ನೆಲವೆಂದೂ ನಂಬುವವರು ನಮ್ಮಲ್ಲಿ ಬಹುಮಂದಿ. ಇವುಗಳಲ್ಲಿ ಮೊದಲನೆಯದು ಅರ್ಧಸತ್ಯ; ಎರಡನೆಯದು ಬಹುಮಟ್ಟಿಗೆ ಅಸತ್ಯ, ಮತ್ತು ಅದರಿಂದ ನಮ್ಮ ನಾಡಿನ ಜೀವಸಂಪತ್ತಿಗೆ ಒದಗಿರುವ ಕೇಡು ಅಲ್ಪವಾದುದಲ್ಲ.

ಮಹಾರಾಷ್ಟ್ರದ ಮಹಾಬಳೇಶ್ವರದಲ್ಲಿ ವರ್ಷಕ್ಕೆ 5000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ. ಕೇರಳದ ತೆಂಕಣ ತುದಿಯ ಎಷ್ಟೋ ಬೆಟ್ಟಗಳು ಅಷ್ಟು ಮಳೆಯನ್ನು ಕಾಣುವುದಿಲ್ಲ. ಆದರೂ ಮಹಾಬಳೇಶ್ವರದ ನಿತ್ಯಹರಿದ್ವರ್ಣ ವನವು ಗಿಡ್ಡನೆಯದು, ಜಾತಿವೈವಿಧ್ಯದಲ್ಲಿ ಬಡವಾದುದು. ತೆಂಕಣದ ಕಾಡಾದರೋ ಎತ್ತರದ ವೃಕ್ಷಗಳಿಂದಲೂ ಅನ್ಯತ್ರ ದೊರೆಯದ ಅನೇಕ ಸಸ್ಯಜಾತಿಗಳಿಂದಲೂ ತುಂಬಿದುದು. ಮುಂಗಾರು ತೆಂಕಣಕ್ಕೆ ಮೊದಲು ಬಂದು, ಅಲ್ಲಿಂದ ಕಟ್ಟಕಡೆಗೆ ಹಿಂದಿರುಗುತ್ತದೆ. ಅದಕ್ಕೆ ಮುನ್ನ ಬೇಸಗೆಯ ಮಳೆಯೂ ಅನಂತರ ಹಿಂಗಾರೂ ಆ ಬೆಟ್ಟಗಳನ್ನು ತೋಯಿಸುವುದರಿಂದ ಅಲ್ಲಿಯ ಒಣಗಾಲವು ಎರಡು ಮೂರು ತಿಂಗಳಿಗೆ ಮುಗಿದುಹೋಗುತ್ತದೆ. ಸಹ್ಯಾದ್ರಿಯ ಸಾಲಿನಲ್ಲಿ ಬಡಗಣಕ್ಕೆ ಸರಿದಂತೆಲ್ಲ ಈ ಅವಧಿ ಬೆಳೆಯುತ್ತ ಏಳೆಂಟು ತಿಂಗಳನ್ನು ಮುಟ್ಟುತ್ತದೆ. ನಾಲ್ಕು ತಿಂಗಳಲ್ಲಿ ಧೋ ಎಂದು ಸುರಿದ ನೀರಿನ ಬಹುಭಾಗವು ಹೊಳೆಯ ಪಾಲಾದ ಮೇಲೆ, ಮಿಕ್ಕ ತಿಂಗಳುಗಳನ್ನು ಎಲೆಯುದುರಿಸದೆ ಕಳೆಯಬಲ್ಲ ಮರಗಳು ಕೆಲವೇ. ಆದಕಾರಣ ಕಾಡಿನ ಸ್ವರೂಪವನ್ನು ನಿರ್ಣಯಿಸುವುದರಲ್ಲಿ ಮಳೆಯ ಮೊತ್ತಕ್ಕಿಂತಲೂ ಮಳೆಯಿಲ್ಲದ ತಿಂಗಳುಗಳ ಸಂಖ್ಯೆಯೇ ಎಷ್ಟೋ ವೇಳೆ ಪ್ರಬಲವಾದುದು.

ಪ್ರಾಣಿಗಳೂ ಈ ಲೆಕ್ಕಕ್ಕೆ ಹೊರತಾದವಲ್ಲ. ಪಶ್ಚಿಮಘಟ್ಟಗಳಲ್ಲಲ್ಲದೆ ಮತ್ತೆಲ್ಲಿಯೂ ಇಲ್ಲದ ಸಿಂಗಳೀಕವು ಮರದಿಂದ ಮರಕ್ಕೆ ಸಾಗುತ್ತ ಮುಖ್ಯವಾಗಿ ಹಣ್ಣನ್ನೂ ಹುಳುಹುಪ್ಪಟೆಯನ್ನೂ ತಿಂದು ಬದುಕುವ ಜೀವಿ. ಒಂದಲ್ಲ ಒಂದು ಮರ ವರ್ಷವಿಡೀ ಹಣ್ಣು ಬಿಡುತ್ತಿರಬೇಕಾದರೆ ನಿತ್ಯಹರಿದ್ವರ್ಣದ ಹಲವು ಜಾತಿಗಳು ಒಂದೆಡೆ ಕೂಡಿರಬೇಕು. ಇಂದು ಅದರ ಬಡಗಣ ಮೇರೆ ಉತ್ತರ ಕನ್ನಡದ ಶರಾವತಿ, ಅಘನಾಶಿನಿ ಕಣಿವೆಗಳ ಆಸುಪಾಸಿನಲ್ಲಿದೆ. ಒಣಗಾಲ ದೀರ್ಘವಾದ ಈ ಸೀಮೆಯಲ್ಲಿಯೂ ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನಂತಹ ಎಡೆಗಳಲ್ಲಿ ಬೆಟ್ಟದ ಸಂದಿಯಿಂದ ಜಿನುಗುವ ನೀರು ಬೇಸಗೆಯಲ್ಲಿಯೂ ಬತ್ತುವುದಿಲ್ಲ. ಅಲ್ಲಿಯ ರಾಮಪತ್ರೆ ಮರಗಳ ಜೌಗುಕಾಡುಗಳಾದ ಜಡ್ಡಿಗಳಲ್ಲಿ ಬೇರುಗಳು ಉಸಿರಾಟಕ್ಕಾಗಿ ಕೆಸರನ್ನು ಸೀಳಿಕೊಂಡು ಮೇಲೆದ್ದು, ಮಡಿಸಿದ ಮೊಣಕಾಲಿನಂತೆ ಬಾಗಿ, ಮತ್ತೆ ಕೆಸರಿಗಿಳಿದಿರುತ್ತವೆ. ಆಕಾಶವು ಕೊಡದ ತೇವವನ್ನು ನೆಲವೇ ಒದಗಿಸಿಕೊಟ್ಟ ತಾಣಗಳಿವು; ಮಳೆಮಾಪಕವನ್ನಷ್ಟೇ ನಂಬಿದವನಿಗೆ ಇವುಗಳ ಇರವು ಅರ್ಥವಾಗದು.

ಇನ್ನು ಹುಲ್ಲುಗಾವಲಿನ ಮಾತು. ನೀಲಗಿರಿಯ ಎತ್ತರದ ಪ್ರದೇಶದಲ್ಲಿ ಬೆಟ್ಟದ ಮಡಿಲುಗಳಲ್ಲಿ ಶೋಲಾ ಕಾಡೂ ಇಳಿಜಾರುಗಳಲ್ಲಿ ಹುಲ್ಲೂ ಹಬ್ಬಿರುವುದನ್ನು ಕಂಡವರು, ಹುಲ್ಲಿರುವಲ್ಲೆಲ್ಲ ಹಿಂದೆ ಮರಗಳಿದ್ದು ಮನುಷ್ಯನೇ ಕಡಿದು ಸುಟ್ಟನೆಂದು ತರ್ಕಿಸುವುದುಂಟು. ಆದರೆ ಚಳಿಗಾಲದ ಇರುಳಿನಲ್ಲಿ ಬಯಲಿನ ಹುಲ್ಲಿನ ಮೇಲೆ ಹಿಮದ ಹರಳು ಕಟ್ಟುತ್ತದೆ. ಉಷ್ಣವಲಯದ ಮರಗಳ ಎಳೆಯ ಸಸಿಗೆ ಇದು ಮಾರಕ, ಹುಲ್ಲಿನ ಬುಡಕ್ಕೆ ಅಲ್ಲ. ಇದಕ್ಕಿಂತ ಬಲವಾದ ಸಾಕ್ಷ್ಯವು ಜೌಗುನೆಲದೊಳಗಿದೆ. ಬಿಸಿಲುನಾಡಿನ ಹುಲ್ಲುಗಳೂ ಮರಗಳೂ ಗಾಳಿಯಿಂದ ಹೀರಿಕೊಳ್ಳುವ ಇಂಗಾಲದಲ್ಲಿ ಭಾರವಾದ ಪರಮಾಣುಗಳ ಪ್ರಮಾಣವು ಬೇರೆಬೇರೆಯಾಗಿರುವುದರಿಂದ, ಅವು ಕೊಳೆತು ಪದರಪದರವಾಗಿ ಕೂಡಿದ ಮಣ್ಣನ್ನು ಪರೀಕ್ಷಿಸಿ ಯಾವ ಕಾಲದಲ್ಲಿ ಯಾವುದು ಹೆಚ್ಚಿತ್ತೆಂಬುದನ್ನು ತಿಳಿಯಬಹುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ ಸುಕುಮಾರ್ ಮತ್ತು ಅವರ ಸಂಗಡಿಗರು ನೀಲಗಿರಿಯ ಮಣ್ಣನ್ನು ಹೀಗೆ ಶೋಧಿಸಿ 1993ರಲ್ಲಿ ಪ್ರಕಟಿಸಿದ ಫಲಿತಾಂಶದ ಪ್ರಕಾರ, ಕಡೆಯ ಹಿಮಯುಗದ ಉತ್ಕಟಾವಸ್ಥೆಯಲ್ಲಿ, ಅಂದರೆ ಸುಮಾರು 18000 ವರ್ಷಗಳ ಹಿಂದೆ, ಅಲ್ಲಿ ಹುಲ್ಲು ವ್ಯಾಪಕವಾಗಿತ್ತು. ಜಗತ್ತಿನಲ್ಲಿ ಎಲ್ಲಿಯೂ ಬೇಸಾಯವಾಗಲಿ ಪಶುಪಾಲನೆಯಾಗಲಿ ಮೊದಲಾಗಿರದ ಕಾಲವದು! ಆ ಹುಲ್ಲನ್ನು ಕೊಡಲಿಯ ಫಲವೆನ್ನುವುದು ಹೇಗೆ?

ಈ ತಪ್ಪು ತಿಳಿವಳಿಕೆಯೂ ಒಂದು ಕಾರಣವಾಗಿ ಹತ್ತೊಂಬತ್ತನೆಯ ಶತಮಾನದಿಂದ ಮೊದಲ್ಗೊಂಡು ಆ ಇಳಿಜಾರುಗಳಲ್ಲಿ ಆಸ್ಟ್ರೇಲಿಯದ ವಾಟಲ್ ಮರಗಳನ್ನೂ ಯೂಕಲಿಪ್ಟಸ್ಸನ್ನೂ ನೆಟ್ಟರು. ಹುಲ್ಲಿನ ನೆಲೆ ಕುಗ್ಗಿತು, ಅದನ್ನೇ ಮೇದು ಬದುಕುವ ವರೈಯಾಡೆಂಬ ಕಾಡುಮೇಕೆಯ ನೆಲೆಯೂ ಅದರೊಡನೆ ಕುಗ್ಗಿತು. ಬಯಲುಸೀಮೆಯಲ್ಲಿಯೂ ಇದೇ ನಡೆಯಿತು. ರಾಣೆಬೆನ್ನೂರಿನ ಕೃಷ್ಣಮೃಗಧಾಮದಲ್ಲಿ ಯೂಕಲಿಪ್ಟಸ್ ತೋಪುಗಳೆದ್ದುವು. ದೂರದಿಂದಲೇ ಶತ್ರುವನ್ನು ಕಂಡು ಓಡಿ ಪಾರಾಗುವ ಕೃಷ್ಣಮೃಗಕ್ಕೆ ಕಣ್ಣಿನ ಮುಂದಣ ಬಯಲೇ ರಕ್ಷೆಯೆಂಬುದನ್ನು ನೆಟ್ಟವರು ಎಣಿಸಲಿಲ್ಲ. ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಬಯಲಿನಲ್ಲಿ ಅಳಿದುಳಿದಿರುವ ಎರೆಭೂತ ಪಕ್ಷಿಯು ಗೂಡು ಕಟ್ಟದೆ ಬರಿಯ ನೆಲದ ಮೇಲೆ ಸಾಮಾನ್ಯವಾಗಿ ಒಂದೇ ಮೊಟ್ಟೆಯನ್ನಿಡುವ ಹಕ್ಕಿ. ಅದಕ್ಕೂ ಬೇಕಾದುದು ತೆರೆದ ಬಯಲು, ತೋಪಲ್ಲ.

ಕಾಡು ಕಡಿದುದರಿಂದ ಬಯಲಾದ ನೆಲವೂ ಉಂಟು. ಅಲ್ಲಿ ಮರವನ್ನು ಮರಳಿ ಬೆಳೆಸುವುದು ಯುಕ್ತವೇ. ಅಂತಹ ನೆಲದಲ್ಲಿ ಕಡಿದ ಬುಡಗಳಿಂದ ಚಿಗುರು ಒಡೆದಿರುತ್ತದೆ, ಲಂಟಾನದಂತಹ ಕಳೆ ಮುತ್ತಿರುತ್ತದೆ. ಸಹಜವಾದ ಹುಲ್ಲುಗಾವಲಿನಲ್ಲಾದರೋ ಬಹುವಾರ್ಷಿಕ ಹುಲ್ಲುಗಳ ದಟ್ಟವಾದ ಬುಡಗಳಿರುತ್ತವೆ, ಅವುಗಳ ನಡುವೆ ಗೆಡ್ಡೆಯಲ್ಲಿ ಜೀವ ಹಿಡಿದು ಬೇಸಗೆ ಕಳೆಯುವ ಗಿಡಗಳಿರುತ್ತವೆ. ಮೊದಲ ಮಳೆ ಬಿದ್ದ ಮೇಲೆ ಹೋಗಿ ನೋಡಿದರೆ ಇವೆರಡರ ಭೇದವನ್ನು ಬರಿಗಣ್ಣಿನಿಂದಲೇ ಗುರುತಿಸಬಹುದು.